ಬಾಯಿಮಾತಿನ ನಿರಾಕರಣೆ ಮತ್ತು ಒಂದು ಪುಟದ ಅರ್ಜಿ: ವಿಶೇಷ ಶಿಕ್ಷಣ ವಿದ್ಯಾರ್ಥಿನಿಯ ಅನುಭವ, ಚರ್ಚೆಗಾಗಿ

ಮೂಲ ಬರಹ – ವಿಶೇಷ ಶಿಕ್ಷಣ ವಿದ್ಯಾರ್ಥಿನಿ, ಮಂಗಳೂರು

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನಲ್ಲಿ ವಿಶೇಷ ಶಿಕ್ಷಣದ ಬಿ.ಎಡ್. ಓದುತ್ತಿದ್ದೇನೆ. ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇರುವ ಎರಡು ವರ್ಷಗಳ ಈ ಕೋರ್ಸಿನಲ್ಲಿ ನಾನು ಆಯ್ದುಕೊಂಡ ವಿಷಯ ಬೌದ್ಧಿಕ ಅಸಾಮರ್ಥ್ಯ. ಬೋಧನಾಭ್ಯಾಸಕ್ಕೆಂದು ವಿಶೇಷ ಶಾಲೆಗಳಿಗೂ ಸಾಮಾನ್ಯ ಶಾಲೆಗಳಿಗೂ ಹೋಗುತ್ತಿರುವಾಗ ಮಕ್ಕಳ ತಂದೆತಾಯಿಯರ ಪರಿಚಯವಾಯಿತು. ಅವರ ಜೊತೆ ಶಾಲೆಯ ಆಫೀಸು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ, ಆಸ್ಪತ್ರೆ ಎಂದು ಓಡಾಡುವುದು ಕ್ರಮೇಣ ನನ್ನ ಕಲಿಕೆಯ ದೊಡ್ಡ ಭಾಗವೇ ಆಯಿತು.

ಈ ಓಡಾಟದಲ್ಲಿ ನನಗೆ ಖಚಿತವಾದ ಒಂದು ಸಂಗತಿಯನ್ನು ಇಲ್ಲಿ ಚರ್ಚೆಗೆ ಇಡುತ್ತಿದ್ದೇನೆ. ನಮ್ಮ ಕಡೆ ವಿಕಲಚೇತನ ಮಗುವಿಗೆ ‘ಆಗುವುದಿಲ್ಲ’ ಎಂದು ಯಾರೂ ಕಾಗದದಲ್ಲಿ ಬರೆದುಕೊಡುವುದಿಲ್ಲ. ಎಲ್ಲವೂ ಬಾಯಿಮಾತಿನಲ್ಲಿ, ಅದೂ ಬಹಳ ಮೃದುವಾದ ಬಾಯಿಮಾತಿನಲ್ಲಿ ಮುಗಿದುಹೋಗುತ್ತದೆ. ಹಾಗಾಗಿ ವಿಕಲಚೇತನರ ಹಕ್ಕುಗಳಿಗಾಗಿ ದುಡಿಯಬೇಕೆನ್ನುವವರು ಮೊದಲು ಕಲಿಯಬೇಕಾದ ಕೆಲಸ, ಕೋರಿಕೆಯನ್ನು ಬರೆದು ಕೊಟ್ಟು, ಉತ್ತರವನ್ನೂ ಬರಹದಲ್ಲೇ ಕೇಳಿ ಪಡೆಯುವುದು ಎಂಬುದು ನನ್ನ ಅಭಿಪ್ರಾಯ.

ಒಂದು ಪ್ರಕರಣವನ್ನು ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಬರೆಯುತ್ತೇನೆ. ಸುರತ್ಕಲ್ ಕಡೆಯ ಒಬ್ಬ ಹುಡುಗನಿಗೆ ಸೆರೆಬ್ರಲ್ ಪಾಲ್ಸಿ ಇದೆ. ಕಾಲುಗಳಲ್ಲಿ ಬಿಗಿತವಿರುವುದರಿಂದ ವಾಕರ್ ಹಿಡಿದು ನಡೆಯುತ್ತಾನೆ. ಮಾತು ಸ್ವಲ್ಪ ತೊದಲು; ಆದರೆ ಕನ್ನಡ ಚೆನ್ನಾಗಿ ಓದುತ್ತಾನೆ, ಮಗ್ಗಿ ಹೇಳುತ್ತಾನೆ. ಅವನ ತಾಯಿ ಮೇ ತಿಂಗಳಲ್ಲಿ ಹತ್ತಿರದ ಶಾಲೆಗಳಿಗೆಲ್ಲ ಹೋಗಿ ಕೇಳಿದ್ದಾರೆ. ಎಲ್ಲಿಯೂ ಯಾರೂ ಗದರಿಲ್ಲ. ‘ಪಾಪ, ಇವನಿಗೆ ಇಲ್ಲಿ ಕಷ್ಟ ಆಗುತ್ತದೆ ಅಮ್ಮ, ವಿಶೇಷ ಶಾಲೆಗೆ ಹಾಕಿದರೆ ನಿಮಗೇ ಒಳ್ಳೆಯದು’ ಎಂದು ಕುಡಿಯಲು ನೀರು ಕೊಟ್ಟು ಕಳುಹಿಸಿದ್ದಾರೆ. ಈಗ ದಾಖಲೆಗಳನ್ನು ತೆಗೆದು ನೋಡಿದರೆ ಈ ಹುಡುಗನಿಗೆ ಯಾವ ಶಾಲೆಯೂ ಪ್ರವೇಶ ನಿರಾಕರಿಸಿಲ್ಲ. ಏಕೆಂದರೆ ದಾಖಲೆಗಳ ಪ್ರಕಾರ ಅವನು ಯಾವ ಶಾಲೆಯನ್ನೂ ಕೇಳಿಯೇ ಇಲ್ಲ. ಪ್ರವೇಶ ಪುಸ್ತಕದಲ್ಲಿ ಅವನ ಹೆಸರಿಲ್ಲ, ನಿರಾಕರಿಸಿದ ಪತ್ರವೂ ಇಲ್ಲ. ಇಂಥ ಮಕ್ಕಳು ಎಷ್ಟಿದ್ದಾರೆಂದು ಲೆಕ್ಕ ಹಾಕಲು ಹೊರಟವರಿಗೆ ಸಿಗುವುದು ಖಾಲಿ ಪುಟ ಮಾತ್ರ.

2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. 1995ರ ಹಳೆಯ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಹೇಳಿತ್ತು. ಈ ಕಾಯ್ದೆ 21 ಬಗೆಗಳನ್ನು ಗುರುತಿಸಿದೆ. ಅದರ 31ನೇ ಕಲಮಿನಂತೆ ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವುಳ್ಳ 6ರಿಂದ 18 ವರ್ಷದ ಮಗುವಿಗೆ ಮನೆಯ ಹತ್ತಿರದ ಶಾಲೆಯಲ್ಲಿ, ಅಥವಾ ಬಯಸಿದರೆ ವಿಶೇಷ ಶಾಲೆಯಲ್ಲಿ, ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ಇಲ್ಲಿ ಆಯ್ಕೆ ಮಗುವಿನದು. ‘ವಿಶೇಷ ಶಾಲೆಗೆ ಹೋಗಿ’ ಎಂದು ಶಾಲೆ ತೀರ್ಮಾನಿಸುವ ಹಾಗಿಲ್ಲ. 16ನೇ ಕಲಮು ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳ ಬಗ್ಗೆ ಮಾತನಾಡುತ್ತದೆ: ಭೇದವಿಲ್ಲದ ಪ್ರವೇಶ, ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ, ಓಡಾಡಲು ಅನುಕೂಲವಾದ ಕಟ್ಟಡ ಇವೆಲ್ಲ ಅದರಲ್ಲಿ ಬರುತ್ತವೆ.

ನಾವು ಆ ತಾಯಿಯ ಹೆಸರಿನಲ್ಲಿ ಒಂದೇ ಪುಟದ ಅರ್ಜಿ ಬರೆದೆವು. ಈ ಎರಡು ಕಲಮುಗಳನ್ನು ಹೆಸರಿಸಿ ಮೂರು ಕೋರಿಕೆಗಳನ್ನು ಮುಂದಿಟ್ಟೆವು: ಅವನ ತರಗತಿ ನೆಲ ಅಂತಸ್ತಿನಲ್ಲಿರಬೇಕು, ಬರೆಯಲು ಹೆಚ್ಚು ಸಮಯ ಕೊಡಬೇಕು, ಬೇರೆ ವ್ಯವಸ್ಥೆ ಆಗುವ ತನಕ ಶೌಚಾಲಯದ ಹೊತ್ತಿಗೆ ತಾಯಿ ಬಂದುಹೋಗಲು ಅನುಮತಿ ಬೇಕು. ಕೊನೆಗೆ, ‘ಕೋರಿಕೆಯನ್ನು ಒಪ್ಪಲಾಗದಿದ್ದರೆ ಕಾರಣ ಸಹಿತ ಹಿಂಬರಹ ನೀಡಬೇಕಾಗಿ ವಿನಂತಿ’ ಎಂದು ಸೇರಿಸಿದೆವು. ಹುಡುಗ ತಾನೂ ಏನಾದರೂ ಹೇಳಬೇಕೆಂದ. ಅವನು ಹೇಳಿದ್ದನ್ನು ಹಾಗೆಯೇ ಬರೆದೆವು: ‘ನನಗೆ ಓದಲು ಬರುತ್ತದೆ. ನನ್ನನ್ನು ಕೇಳಿ, ನಾನು ಹೇಳುತ್ತೇನೆ.’

ಆಫೀಸಿನಲ್ಲಿ ಗುಮಾಸ್ತರು ಅರ್ಜಿ ತೆಗೆದುಕೊಂಡು ಬದಿಗಿಡಲು ಹೊರಟಾಗ ತಾಯಿ ಎರಡನೆಯ ಪ್ರತಿಯನ್ನು ಮುಂದೆ ಚಾಚಿ, ‘ಇದಕ್ಕೆ ಸೀಲು ಹಾಕಿ ಕೊಡಿ’ ಎಂದರು. ಗುಮಾಸ್ತರು ಆಗ ಮೊದಲ ಬಾರಿ ಕಾಗದವನ್ನು ಪೂರ್ತಿ ಓದಿದರು. ಓದಿ, ‘ಇದನ್ನು ಯಾರು ಬರೆದುಕೊಟ್ಟದ್ದು?’ ಎಂದು ಕೇಳಿದರು. ‘ನಾನೇ ಬರೆಸಿದ್ದು, ಸಹಿ ನನ್ನದೇ’ ಎಂದರು ತಾಯಿ. ಕಾಗದ ಒಳಗೆ ಹೋಯಿತು. ಸ್ವಲ್ಪ ಹೊತ್ತಿನಲ್ಲಿ ಮುಖ್ಯ ಶಿಕ್ಷಕಿಯವರು ಹೊರಗೆ ಬಂದು ಹುಡುಗನ ಎದುರು ಕುರ್ಚಿ ಎಳೆದು ಕುಳಿತು ಅವನಿಂದ ಒಂದು ಪುಟ ಓದಿಸಿದರು. ಹಿಂದೆ ಇಬ್ಬರೂ ಅದೇ ಆಫೀಸಿಗೆ ಬಂದಿದ್ದಾಗ ಯಾರೂ ಅವನ ಜೊತೆ ನೇರವಾಗಿ ಮಾತನಾಡಿರಲಿಲ್ಲ. ಪ್ರವೇಶ ಸಿಕ್ಕಿತು. ಮಹಡಿಯ ಮೇಲಿದ್ದ ಆ ತರಗತಿ ಕೆಳಗೆ ಬಂತು. ಇದರಲ್ಲಿ ಶಾಲೆಗೆ ಯಾವ ಖರ್ಚೂ ಬರಲಿಲ್ಲ ಎಂಬುದನ್ನು ಗಮನಿಸಬೇಕು.

ಎಲ್ಲ ಕಡೆಯೂ ಹೀಗೆ ಆಗುತ್ತದೆಂದು ನಾನು ಹೇಳುವುದಿಲ್ಲ. ಇನ್ನೊಂದು ಮಗುವಿನ ವಿಷಯದಲ್ಲಿ ಅರ್ಜಿಗೆ ಸೀಲು ಬಿದ್ದಿದೆ, ಉತ್ತರ ಬಂದಿಲ್ಲ. ಆದರೆ ಅಲ್ಲಿಯೂ ಸೀಲು ಬಿದ್ದ ದಿನಾಂಕ ನಮ್ಮ ಕೈಯಲ್ಲಿದೆ, ಮೇಲಿನ ಕಚೇರಿಗೆ ಹೋಗಲು ಅದು ಸಾಕು.

ಬರಹದಿಂದ ಮಾತ್ರ ಹೊರಬರುವ ಮತ್ತೊಂದು ತೊಂದರೆಯನ್ನೂ ಹೇಳಿಬಿಡುತ್ತೇನೆ. ಒಂದು ಸಾಮಾನ್ಯ ಶಾಲೆಯಲ್ಲಿ ತುಳು ಮಾತ್ರ ಬಲ್ಲ ಒಬ್ಬ ಬಾಲಕಿಯ ಸಾಮರ್ಥ್ಯವನ್ನು ಪರೀಕ್ಷಿಸುತ್ತಿದ್ದರು. ‘ಕೆಂಪು ಮಣಿಯನ್ನು ಡಬ್ಬಿಯೊಳಗೆ ಹಾಕು’ ಎಂದು ಕನ್ನಡದಲ್ಲಿ ಹೇಳಿದಾಗ ಅವಳು ಸುಮ್ಮನೆ ಕುಳಿತಿದ್ದಳು. ‘ಸೂಚನೆ ಪಾಲಿಸುವುದಿಲ್ಲ’ ಎಂದು ಹಾಳೆಯಲ್ಲಿ ಗುರುತು ಬಿತ್ತು. ಬಾಗಿಲ ಬಳಿ ನಿಂತಿದ್ದ ಅಜ್ಜಿ ಅದನ್ನೇ ತುಳುವಿನಲ್ಲಿ ಹೇಳಿದ ಕೂಡಲೇ ಅವಳು ಕೆಂಪು ಮಣಿಯನ್ನು ಹಾಕಿ, ಇನ್ನೊಂದು ಹಾಕಲೇ ಎಂಬಂತೆ ನೀಲಿಯನ್ನೂ ಕೈಗೆತ್ತಿಕೊಂಡಳು. ತುಳು, ಬ್ಯಾರಿ, ಕೊಂಕಣಿ ಮನೆಮಾತಾಗಿರುವ ನಮ್ಮ ಜಿಲ್ಲೆಗಳಲ್ಲಿ ‘ಪರೀಕ್ಷೆ ಯಾವ ಭಾಷೆಯಲ್ಲಿ ನಡೆಯಿತು’ ಎಂಬುದನ್ನು ವರದಿಯಲ್ಲೇ ನಮೂದಿಸುವಂತೆ ಪೋಷಕರು ಕೇಳಬೇಕು. ಆ ಒಂದು ಸಾಲು ಇಲ್ಲದಿದ್ದರೆ, ಭಾಷೆ ಗೊತ್ತಿಲ್ಲದ್ದು ಬುದ್ಧಿ ಇಲ್ಲದ್ದಾಗಿ ಮಗುವಿನ ಕಡತದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ನಿಮ್ಮ ಅನುಭವಗಳನ್ನು ದಯವಿಟ್ಟು ಬರೆಯಿರಿ. ವಿಶೇಷವಾಗಿ, ಬರಹದಲ್ಲಿ ಕೇಳಿದ್ದರಿಂದ ಕೆಲಸ ಕೆಟ್ಟದ್ದಿದ್ದರೆ ಅದನ್ನೂ ತಿಳಿಸಿ.

ಪ್ರತಿಕ್ರಿಯೆ – ಕುಂದಾಪುರದ ಒಬ್ಬ ತಾಯಿ

ತಂಗಿ, ನೀವು ಬರೆದದ್ದು ಸರಿ, ಆದರೆ ನಮ್ಮ ಕಡೆಯಿಂದಲೂ ಯೋಚಿಸಿ. ನನ್ನ ಮಗಳಿಗೆ ಡೌನ್ ಸಿಂಡ್ರೋಮ್ ಇದೆ, ಊರಿನ ಶಾಲೆಯಲ್ಲಿ ಏಳನೇ ತರಗತಿಯಲ್ಲಿದ್ದಾಳೆ. ಅವಳನ್ನು ಶಾಲಾ ಪ್ರವಾಸಕ್ಕೆ ಕರೆದುಕೊಂಡು ಹೋಗಲಿಲ್ಲ. ವಾರ್ಷಿಕೋತ್ಸವದ ನೃತ್ಯದಲ್ಲಿ ಹಿಂದಿನ ಸಾಲಿನಲ್ಲೂ ಜಾಗ ಕೊಡಲಿಲ್ಲ. ಬರೆದು ಕೊಡಬಹುದಿತ್ತು. ಆದರೆ ನಾನು ಮನೆಗೆ ಬಂದ ಮೇಲೆ ಬೆಳಗ್ಗಿನಿಂದ ಸಂಜೆಯ ತನಕ ಅವಳು ಅವರ ಕೈಯಲ್ಲೇ ಇರಬೇಕು. ಅವಳಿಗೆ ಅಲ್ಲಿ ಏನಾಯಿತೆಂದು ಬಂದು ಹೇಳಲೂ ಬರುವುದಿಲ್ಲ. ನನ್ನ ಮೇಲಿನ ಸಿಟ್ಟನ್ನು ಅವಳ ಮೇಲೆ ತೀರಿಸಿಕೊಂಡರೆ ಯಾರಿಗೆ ಹೇಳುವುದು? ಈ ಭಯ ಇಲ್ಲದ ತಾಯಂದಿರು ನಮ್ಮಲ್ಲಿ ಯಾರೂ ಇಲ್ಲ. ಕಾನೂನು ಗೊತ್ತಿಲ್ಲದೆ ಸುಮ್ಮನಿದ್ದೇವೆ ಎಂದು ಯಾರೂ ತಿಳಿಯಬಾರದು.

ಪ್ರತಿಕ್ರಿಯೆ – ವಿಶೇಷ ಶಿಕ್ಷಣ ವಿದ್ಯಾರ್ಥಿನಿ

ಅಕ್ಕ, ನೀವು ಹೇಳಿದ ಭಯ ನಿಜವಾದದ್ದು, ಅದನ್ನು ಬದಿಗಿಟ್ಟು ಯಾವ ಸಲಹೆಯನ್ನೂ ಕೊಡಲಾಗದು. ನಾನು ಕಂಡ ಹಾಗೆ ಈ ಭಯ ಒಬ್ಬರೇ ಸಹಿ ಹಾಕಬೇಕಾದಾಗ ಹೆಚ್ಚು. ಒಂದು ಶಾಲೆಯಲ್ಲಿ ಪೋಷಕರು ಒಟ್ಟಾಗಿ, ಯಾವ ಮಗುವಿನ ಹೆಸರನ್ನೂ ಎತ್ತದೆ, ‘ಈ ವರ್ಷದ ಪ್ರವಾಸದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳನ್ನು ಕರೆದೊಯ್ಯಲು ಯಾವ ವ್ಯವಸ್ಥೆ ಮಾಡಲಾಗಿದೆ’ ಎಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಮುಂಚಿತವಾಗಿ ಪತ್ರ ಕೊಟ್ಟರು. ಸಹಿ ಹಾಕಿದವರಲ್ಲಿ ವಿಕಲಚೇತನ ಮಕ್ಕಳಿಲ್ಲದ ಪೋಷಕರೂ ಇದ್ದರು. ಪತ್ರ ಸಭೆಯ ನಡಾವಳಿಯಲ್ಲಿ ಸೇರಿತು, ಉತ್ತರ ಕೊಡುವುದು ಅನಿವಾರ್ಯವಾಯಿತು. ದೂರು ಎನ್ನುವುದಕ್ಕಿಂತ ಪ್ರಶ್ನೆಯ ರೂಪದಲ್ಲಿ ಬರೆದರೆ ಓದುವವರ ಮನಸ್ಸು ಮುಚ್ಚುವುದಿಲ್ಲ. 16ನೇ ಕಲಮಿನಲ್ಲಿ ಕ್ರೀಡೆ ಮತ್ತು ಮನರಂಜನೆಯ ಅವಕಾಶಗಳೂ ಉಳಿದ ಮಕ್ಕಳಿಗೆ ಸಮಾನವಾಗಿ ಸಿಗಬೇಕೆಂದು ಇದೆ. ನೃತ್ಯದಲ್ಲಿ ಜಾಗ ಕೇಳುವುದನ್ನು ಯಾರೂ ಅತಿಯಾಸೆ ಎನ್ನುವಂತಿಲ್ಲ.

ಪ್ರತಿಕ್ರಿಯೆ – ಮುಖ್ಯೋಪಾಧ್ಯಾಯರು, ಅನುದಾನಿತ ಶಾಲೆ, ಉಡುಪಿ ತಾಲೂಕು

ಶಾಲೆಯ ಕಡೆಯ ಮಾತನ್ನೂ ಯಾರಾದರೂ ಹೇಳಬೇಕಾದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಶಾಲೆಯಲ್ಲಿ ಮಂಜೂರಾದ ಶಿಕ್ಷಕ ಹುದ್ದೆಗಳೇ ಪೂರ್ತಿ ಭರ್ತಿಯಾಗಿಲ್ಲ. ವಿಶೇಷ ಶಿಕ್ಷಕರಂತೂ ಇಲ್ಲ. ಬ್ಲಾಕ್ ಮಟ್ಟದ ಸಂಪನ್ಮೂಲ ಶಿಕ್ಷಕರು, ಅಂದರೆ ನಾವೆಲ್ಲ ಬಿಐಇಆರ್‌ಟಿ ಎನ್ನುವವರು, ಇಡೀ ತಾಲೂಕಿನ ಶಾಲೆಗಳನ್ನು ಸುತ್ತಬೇಕು. ನಮ್ಮಲ್ಲಿಗೆ ಅವರು ಬಂದ ದಿನ ಮಗು ರಜೆಯಲ್ಲಿದ್ದರೆ ಮುಂದಿನ ಸರದಿ ಬರುವ ತನಕ ಕಾಯಬೇಕು. ಆಟಿಸಂ ಇರುವ ಒಬ್ಬ ಬಾಲಕನನ್ನು ಸೇರಿಸಿಕೊಂಡಿದ್ದೇನೆ. ಗದ್ದಲ ಹೆಚ್ಚಾದಾಗ ಅವನು ಕಿವಿ ಮುಚ್ಚಿಕೊಂಡು ತರಗತಿಯಿಂದ ಓಡುತ್ತಾನೆ, ಶಾಲೆಯ ಮುಂದೆಯೇ ಹೆದ್ದಾರಿ ಇದೆ. ಅವನ ಹಿಂದೆ ಓಡುವ ಶಿಕ್ಷಕಿ ಉಳಿದ ಮಕ್ಕಳನ್ನು ಹಾಗೆಯೇ ಬಿಟ್ಟು ಹೋಗಬೇಕು. ‘ಕಷ್ಟ ಆಗುತ್ತದೆ’ ಎಂದು ಹೇಳುವ ಮುಖ್ಯ ಶಿಕ್ಷಕರೆಲ್ಲ ಕಟುಕರಲ್ಲ. ಬಹಳಷ್ಟು ಮಂದಿ ತಮ್ಮಲ್ಲಿ ಇಲ್ಲದ್ದನ್ನು ಹೇಳುತ್ತಿರುತ್ತಾರೆ. ಅರ್ಜಿಯೊಂದಿಗೆ ಕಾಯ್ದೆಯ ಕಲಮು ಬರುತ್ತದೆ, ವಿಶೇಷ ಶಿಕ್ಷಕರು ಬರುವುದಿಲ್ಲ.

ಪ್ರತಿಕ್ರಿಯೆ – ವಿಶೇಷ ಶಿಕ್ಷಣ ವಿದ್ಯಾರ್ಥಿನಿ

ಸರ್, ಆ ಬಾಲಕನನ್ನು ಸೇರಿಸಿಕೊಂಡು ಉಳಿಸಿಕೊಂಡಿರುವುದಕ್ಕೆ ಮೊದಲಿಗೆ ಕೃತಜ್ಞತೆಗಳು. ನಿಮ್ಮ ಮಾತನ್ನು ಒಪ್ಪಿಕೊಂಡೇ ಒಂದು ವಿನಂತಿ ಮಾಡುತ್ತೇನೆ. ನೀವು ಇಲ್ಲಿ ಬರೆದ ಈ ವಿವರವನ್ನು ಶಾಲೆಯ ಪತ್ರಶೀರ್ಷಿಕೆಯಲ್ಲಿ ಬಿಇಒ ಅವರಿಗೂ ಬರೆಯಬೇಕು.

ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2021ರ ಅಕ್ಟೋಬರ್‌ನಲ್ಲಿ ಸಾಮಾನ್ಯ ಶಾಲೆಗಳಿಗೂ ವಿಶೇಷ ಶಿಕ್ಷಕರ ಹುದ್ದೆಗಳನ್ನು ಸೃಷ್ಟಿಸಬೇಕೆಂದು ಹೇಳಿತು. ಅದರ ಬಳಿಕ ಗೊತ್ತುಪಡಿಸಿದ ಅನುಪಾತ, ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು, ಮೇಲಿನ ಹಂತಗಳಲ್ಲಿ 15 ಮಕ್ಕಳಿಗೆ ಒಬ್ಬರು. 2025ರ ಮಾರ್ಚ್‌ನಲ್ಲಿ ಕೋರ್ಟು ಹುದ್ದೆಗಳ ಸಂಖ್ಯೆಯನ್ನು ಗೊತ್ತುಪಡಿಸಿ ನೇಮಕ ಮಾಡಿಕೊಳ್ಳುವಂತೆ ರಾಜ್ಯಗಳಿಗೆ ಮತ್ತೆ ಆದೇಶಿಸಿತು. ಈ ಅನುಪಾತಕ್ಕೆ ಆಧಾರ, ಶಾಲೆಯಲ್ಲಿ ದಾಖಲಾಗಿರುವ ಮಕ್ಕಳ ಸಂಖ್ಯೆ. ಬಾಗಿಲಿನಿಂದಲೇ ವಾಪಸು ಹೋದ ಮಗು ಆ ಲೆಕ್ಕಕ್ಕೆ ಬರುವುದಿಲ್ಲ. ಹತ್ತು ಶಾಲೆಗಳು ಒಳ್ಳೆಯ ಮಾತಿನಲ್ಲೇ ಮಕ್ಕಳನ್ನು ಹಿಂದೆ ಕಳುಹಿಸಿದರೆ ಆ ತಾಲೂಕಿನಲ್ಲಿ ವಿಶೇಷ ಶಿಕ್ಷಕರ ಅಗತ್ಯವೇ ಇಲ್ಲ ಎಂದು ಕಡತ ಹೇಳುತ್ತದೆ. ನೀವು ಸೇರಿಸಿಕೊಂಡು, ‘ಇಂಥ ಮಗು ನಮ್ಮಲ್ಲಿದೆ, ಇಂಥ ಬೆಂಬಲ ಇಲ್ಲ’ ಎಂದು ಬರೆದರೆ, ಅದು ಒಂದು ಹುದ್ದೆಯ ಬೇಡಿಕೆಯಾಗಿ ಕಡತದಲ್ಲಿ ಕೂರುತ್ತದೆ. ಪೋಷಕರ ಅರ್ಜಿ ಮತ್ತು ಶಾಲೆಯ ಪತ್ರ ಒಂದೇ ದಿಕ್ಕಿನಲ್ಲಿ ಹೋಗಬೇಕು ಎಂಬುದು ನನ್ನ ಆಸೆ. ನಮ್ಮ ಕೋರ್ಸು ಮುಗಿಸಿ ಹೊರಬರುವವರು ಕೆಲಸವಿಲ್ಲದೆ ಬೇರೆ ದಾರಿ ಹಿಡಿಯುತ್ತಿರುವುದೂ, ನಿಮ್ಮ ಶಾಲೆಗೆ ವಿಶೇಷ ಶಿಕ್ಷಕರಿಲ್ಲದಿರುವುದೂ ಒಂದೇ ಕಾರಣದಿಂದ.

ಆ ಬಾಲಕ ಓಡುವ ಬಗ್ಗೆ: ಗಂಟೆ ಬಾರಿಸುವ ಮುಂಚೆ, ಪ್ರಾರ್ಥನೆಗೆ ಮೈಕ್ ಹಾಕುವ ಮುಂಚೆ ಅವನಿಗೆ ತಿಳಿಸುವ ಕ್ರಮ ಇಟ್ಟುಕೊಂಡು, ಗದ್ದಲ ತಡೆಯಲಾಗದಾಗ ಹೋಗಿ ಕುಳಿತುಕೊಳ್ಳಲು ಗ್ರಂಥಾಲಯದ ಮೂಲೆಯನ್ನೋ ಆಫೀಸಿನ ಒಂದು ಬೆಂಚನ್ನೋ ತೋರಿಸಿಕೊಟ್ಟರೆ ಓಟ ಕಡಿಮೆಯಾಗಬಹುದು. ಎಲ್ಲಿಗೆ ಓಡಬೇಕೆಂದು ಗೊತ್ತಿದ್ದರೆ ಅವನು ರಸ್ತೆಗೆ ಓಡುವ ಸಂಭವ ಕಡಿಮೆ. ಇದನ್ನು ಅವನ ವೈಯಕ್ತಿಕ ಶಿಕ್ಷಣ ಯೋಜನೆಯಲ್ಲಿ ಬರೆದಿಟ್ಟರೆ ಬದಲಿ ಶಿಕ್ಷಕರು ಬಂದ ದಿನವೂ ಕ್ರಮ ತಪ್ಪುವುದಿಲ್ಲ.

ಪ್ರತಿಕ್ರಿಯೆ – ಮುಖ್ಯೋಪಾಧ್ಯಾಯರು, ಅನುದಾನಿತ ಶಾಲೆ, ಉಡುಪಿ ತಾಲೂಕು

ದಾಖಲಾತಿಯ ಸಂಖ್ಯೆಗೂ ಹುದ್ದೆಗೂ ಇರುವ ಈ ಸಂಬಂಧವನ್ನು ನಾನು ಈ ರೀತಿ ನೋಡಿರಲಿಲ್ಲ. ಪತ್ರ ಬರೆಯುತ್ತೇನೆ. ನಮ್ಮ ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಉಳಿದ ಮುಖ್ಯ ಶಿಕ್ಷಕರಿಗೂ ಹೇಳುತ್ತೇನೆ.

ಪ್ರತಿಕ್ರಿಯೆ – ದೃಷ್ಟಿ ಇಲ್ಲದ ಪದವೀಧರ, ಮಂಗಳೂರು

ನಾನು ಹುಟ್ಟಿನಿಂದಲೇ ಕಣ್ಣು ಕಾಣದವನು, ಈ ಚರ್ಚೆಯನ್ನು ಮೊಬೈಲಿನ ಓದುವ ತಂತ್ರಾಂಶದಲ್ಲಿ ಕೇಳುತ್ತಿದ್ದೇನೆ. ಮೇಡಂ, ನಿಮ್ಮ ಬರಹದಲ್ಲಿ ನನಗೆ ಹೆಚ್ಚು ಮುಖ್ಯವೆನಿಸಿದ್ದು ಹುಡುಗ ತಾನೇ ಹೇಳಿ ಬರೆಸಿದ ಸಾಲು. ಶಿಕ್ಷಕರು, ಪೋಷಕರು, ಸಂಘದವರು ನಮ್ಮ ಪರವಾಗಿ ಮಾತನಾಡುತ್ತಾರೆ. ನಾವು ಅಲ್ಲೇ ಇರುತ್ತೇವೆ, ನಮ್ಮನ್ನು ಯಾರೂ ಕೇಳುವುದಿಲ್ಲ. ಬ್ಯಾಂಕಿಗೆ ಹೋದರೆ ನನ್ನ ಜೊತೆ ಬಂದ ತಮ್ಮನನ್ನು ‘ಇವರಿಗೆ ಏನು ಬೇಕಂತೆ?’ ಎಂದು ವಿಚಾರಿಸುತ್ತಾರೆ. ವಿಶೇಷ ಶಿಕ್ಷಣ ಕಲಿತವರೂ ಇದನ್ನು ಮಾಡುವುದನ್ನು ನಾನು ಅನುಭವಿಸಿದ್ದೇನೆ.

ಬರಹದ ಬಲದ ಬಗ್ಗೆ ನನ್ನದೂ ಒಂದು ಅನುಭವವಿದೆ. ಪದವಿ ಪರೀಕ್ಷೆಯ ಹಿಂದಿನ ದಿನ, ನಾನು ಹೇಳುವ ಉತ್ತರಗಳನ್ನು ಬರೆಯಲು ಕರೆತಂದ ಲಿಪಿಕಾರನನ್ನು ಒಪ್ಪಲಾಗದು ಎಂದು ಪರೀಕ್ಷಾ ಕೇಂದ್ರದಲ್ಲಿ ಹೇಳಿದರು. ಆಗ ಜಾರಿಯಲ್ಲಿದ್ದ ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯ ಪ್ರಕಾರ ಅಭ್ಯರ್ಥಿ ತನ್ನದೇ ಲಿಪಿಕಾರನನ್ನು ಕರೆತರಬಹುದಿತ್ತು, ಆ ಲಿಪಿಕಾರನ ವಿದ್ಯಾರ್ಹತೆ ಅಭ್ಯರ್ಥಿಯದಕ್ಕಿಂತ ಒಂದು ಹಂತ ಕೆಳಗಿರಬೇಕಿತ್ತು, ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಸಿಗಬೇಕಿತ್ತು. ಆ ಮಾರ್ಗಸೂಚಿಯ ಪ್ರತಿಯನ್ನು ಪತ್ರಕ್ಕೆ ಲಗತ್ತಿಸಿ ಕೊಟ್ಟು, ‘ಒಪ್ಪದಿದ್ದರೆ ಇದರ ಕೆಳಗೇ ಬರೆದು ಸಹಿ ಹಾಕಿ’ ಎಂದೆ. ಯಾರೂ ಸಹಿ ಹಾಕಲಿಲ್ಲ, ಮರುದಿನ ನನ್ನ ಲಿಪಿಕಾರನೇ ನನ್ನ ಪಕ್ಕದಲ್ಲಿ ಕುಳಿತ. ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2021ರ ಫೆಬ್ರವರಿಯಲ್ಲಿ ಇನ್ನೂ ಮುಂದೆ ಹೋಗಿ, ಶೇ. 40ರಷ್ಟು ವೈಕಲ್ಯ ಇಲ್ಲದಿದ್ದರೂ ಬರೆಯಲು ನಿಜವಾದ ತೊಂದರೆ ಇರುವವರಿಗೆ ಲಿಪಿಕಾರರ ಸೌಲಭ್ಯ ನಿರಾಕರಿಸುವಂತಿಲ್ಲ ಎಂದಿದೆ. ಕೈ ನಡುಗುವ ತೊಂದರೆ ಇರುವ ವಿದ್ಯಾರ್ಥಿಗಳಿಗೆ ಈ ತೀರ್ಪು ತಿಳಿದಿರಲಿ.

ಪ್ರತಿಕ್ರಿಯೆ – ವಿಶೇಷ ಶಿಕ್ಷಣ ವಿದ್ಯಾರ್ಥಿನಿ

ಒಪ್ಪಿದೆ ಸರ್. ಮಾತು ಬಾರದ ಮಕ್ಕಳಿಗೂ ಇದು ಅನ್ವಯಿಸುತ್ತದೆ. ಚಿತ್ರದ ಕಾರ್ಡುಗಳನ್ನು ಮುಂದಿಟ್ಟರೆ ಯಾವ ಬೆಂಚು ಬೇಕು, ಯಾರ ಪಕ್ಕ ಕುಳಿತುಕೊಳ್ಳಬೇಕು ಎಂದು ತೋರಿಸಬಲ್ಲ ಮಕ್ಕಳು ನಮ್ಮ ತರಗತಿಗಳಲ್ಲಿದ್ದಾರೆ. ಅವರು ತೋರಿಸಿದ್ದನ್ನೂ ಅರ್ಜಿಯಲ್ಲಿ ಅವರ ಮಾತೆಂದೇ ಬರೆಯಬೇಕು.

ಪ್ರತಿಕ್ರಿಯೆ – ಗಾಲಿಕುರ್ಚಿ ಬಳಸುವವರು, ಕಂಕನಾಡಿ

ಶಾಲೆಯಲ್ಲಿ ಸೀಟು ಸಿಕ್ಕಿದರೂ ಶಾಲೆಯ ತನಕ ಹೋಗುವುದು ಹೇಗೆ ಎಂಬುದನ್ನು ಈ ಚರ್ಚೆಯಲ್ಲಿ ಸೇರಿಸಬೇಕು. ಕೆಎಸ್‌ಆರ್‌ಟಿಸಿಯವರು ವಿಕಲಚೇತನರಿಗೆ ವಾಸಸ್ಥಳದಿಂದ 100 ಕಿಲೋಮೀಟರ್ ವ್ಯಾಪ್ತಿಗೆ ರಿಯಾಯಿತಿ ಪಾಸ್ ಕೊಡುತ್ತಾರೆ. ಮೈಸೂರಿನಲ್ಲೋ ಹಾಸನದಲ್ಲೋ ಇರುವವರಿಗೆ ಅದರಿಂದ ದೊಡ್ಡ ಉಪಕಾರ. ನಮ್ಮ ಮಂಗಳೂರು–ಉಡುಪಿಯಲ್ಲಿ ಸಿಟಿ ಬಸ್ಸು, ಸರ್ವಿಸ್ ಬಸ್ಸು, ಎಕ್ಸ್‌ಪ್ರೆಸ್ ಬಸ್ಸು ಹೆಚ್ಚಿನದೆಲ್ಲ ಖಾಸಗಿ. ಪಾಸ್ ಕಿಸೆಯಲ್ಲಿರುತ್ತದೆ, ಅದು ನಡೆಯುವ ಬಸ್ಸು ನಮ್ಮ ಊರಿನ ರಸ್ತೆಗೆ ಬರುವುದಿಲ್ಲ.

ನಾನು ಗಾಲಿಕುರ್ಚಿಗೆ ಬರುವ ಮೊದಲು ಊರುಗೋಲಿನಲ್ಲಿ ಬಸ್ಸು ಹತ್ತುತ್ತಿದ್ದೆ. ಮೊದಲ ಮೆಟ್ಟಿಲು ಮೊಣಕಾಲಿಗಿಂತ ಎತ್ತರ. ಕೋಲನ್ನು ಮೊದಲು ಒಳಗೆ ಯಾರ ಕೈಗಾದರೂ ಕೊಟ್ಟು, ಎರಡೂ ಕೈಯಲ್ಲಿ ಬಾಗಿಲ ಸರಳು ಹಿಡಿದು, ಮೈಯನ್ನು ಮೇಲಕ್ಕೆ ಎಳೆದುಕೊಳ್ಳಬೇಕು. ಅಷ್ಟರಲ್ಲಿ ಹಿಂದಿನ ಬಸ್ಸಿನ ಹಾರ್ನು, ಟೈಮಿಂಗ್ ತಪ್ಪುವ ಆತಂಕದಲ್ಲಿರುವ ಕಂಡಕ್ಟರ್ ‘ಬೇಗ ಬೇಗ’ ಎಂದು ಬಾಗಿಲ ತಗಡಿಗೆ ಬಡಿಯುವ ಸದ್ದು. ಕಂಡಕ್ಟರುಗಳಲ್ಲಿ ತೋಳು ಹಿಡಿದು ಹತ್ತಿಸಿದವರೂ ಬಹಳ ಮಂದಿ ಇದ್ದಾರೆ, ಅವರನ್ನು ಮರೆಯಲಾರೆ. ಆದರೆ ದಿನವೂ ಒಬ್ಬರ ದಯೆಯನ್ನು ನಂಬಿ ಕೆಲಸಕ್ಕೆ ಹೋಗಿಬರುವುದು ಸಾಧ್ಯವಾಗಲಿಲ್ಲ, ಕೆಲಸ ಬಿಟ್ಟೆ.

ಯಾರಿಗೆ ಬರೆಯಬೇಕೆಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು. ಬಸ್ಸಿನ ಮಾಲೀಕರಿಗೆ ಬರೆದರೆ ಅಲ್ಲಿಗೇ ಮುಗಿಯುತ್ತದೆ. ಪರ್ಮಿಟ್ ಕೊಡುವುದು ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಕಾಯ್ದೆಯ 41ನೇ ಕಲಮು ಸಾರಿಗೆಯ ಬಗ್ಗೆಯೇ ಇದೆ, ಬಸ್ಸು ನಿಲ್ದಾಣಗಳ ಸೌಲಭ್ಯವೂ, ಸಾಧ್ಯವಿರುವ ಕಡೆ ಹಳೆಯ ವಾಹನಗಳ ಮಾರ್ಪಾಡೂ ಅದರಲ್ಲಿ ಸೇರಿವೆ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪ್ರವೇಶಾನುಕೂಲತೆಯ ನಿಯಮಗಳು ಬರಿಯ ಸಲಹೆಗಳಾಗಿದ್ದರೆ ಸಾಲದು, ಕಡ್ಡಾಯವಾಗಿ ಪಾಲಿಸಬೇಕಾದ ಕನಿಷ್ಠ ಮಾನದಂಡಗಳು ಬೇಕು ಎಂದು ಸ್ಪಷ್ಟಪಡಿಸಿದೆ. ನಾನು ಪ್ರಾಧಿಕಾರದ ಸಭೆಗೆ ಅರ್ಜಿ ಕೊಟ್ಟಿದ್ದೇನೆ. ಒಂದೇ ಅರ್ಜಿ ಇದ್ದರೆ ಅದು ಒಬ್ಬ ವ್ಯಕ್ತಿಯ ತೊಂದರೆ ಎನಿಸಿಕೊಳ್ಳುತ್ತದೆ. ಮೂಲ್ಕಿ, ಪಡುಬಿದ್ರಿ, ಕಾಪು, ಕಟಪಾಡಿಯಿಂದಲೂ ಅರ್ಜಿಗಳು ಬಂದರೆ ಅದು ಒಂದು ಮಾರ್ಗದ ತೊಂದರೆ ಆಗುತ್ತದೆ. ಈ ಮಾರ್ಗದಲ್ಲಿ ಓಡಾಡುವವರು ದಯವಿಟ್ಟು ಬರೆಯಿರಿ.

ಪ್ರತಿಕ್ರಿಯೆ – ಗ್ರಾಮ ಪಂಚಾಯತ್ ಸದಸ್ಯೆ, ಕಾರ್ಕಳ ತಾಲೂಕು

ಸ್ಥಳೀಯ ಸಂಸ್ಥೆಗಳು ತಮ್ಮ ಅನುದಾನದ ಶೇ. 5ನ್ನು ವಿಕಲಚೇತನರಿಗೆ ಮೀಸಲಿಡಬೇಕು. ಕೋರಿಕೆ ಬಾರದಿದ್ದರೆ ವರ್ಷದ ಕೊನೆಯಲ್ಲಿ ಅವಸರದಿಂದ ಏನೋ ಒಂದು ವಿತರಣೆ ಮಾಡಿ ಮುಗಿಸುವುದನ್ನು ನಾನು ನೋಡಿದ್ದೇನೆ. ವಿಕಲಚೇತನರ ವಿಶೇಷ ಗ್ರಾಮಸಭೆಗೆ ಬನ್ನಿ, ನಿಮಗೆ ಬೇಕಾದ್ದು ಶ್ರವಣ ಸಾಧನವೋ ಮನೆಯ ಶೌಚಾಲಯಕ್ಕೆ ಹಿಡಿಕೆಯೋ ಎಂಬುದನ್ನು ಬರೆದು ಕೊಡಿ. ಪಂಚಾಯತಿನ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅರ್ಜಿ ಬರೆಯಲು ಸಹಾಯ ಮಾಡುತ್ತಾರೆ.

ಪ್ರತಿಕ್ರಿಯೆ – ಕೊಕ್ಕಡ ಕಡೆಯವರು

ನಮ್ಮ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆ ಕಡೆಯವರಿಗೆ ಈ ವಿಷಯ ಹೊಸತಲ್ಲ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುತ್ತಿದ್ದ ಕಾಲದಲ್ಲಿ ನಾವು ಮಕ್ಕಳಾಗಿದ್ದೆವು. ನನ್ನ ತಮ್ಮ ಹಾಸಿಗೆಯಲ್ಲೇ ಇದ್ದಾನೆ. ಅವನಿಗೆ ಉಣಿಸುವುದು, ಮಗ್ಗುಲು ಬದಲಿಸುವುದು ಎಲ್ಲವನ್ನೂ ಅಮ್ಮ ಮಾಡುತ್ತಿದ್ದರು, ಈಗ ನಾನು ಮಾಡುತ್ತಿದ್ದೇನೆ. ‘ಇದು ಸಿಂಪಡಣೆಯಿಂದ ಆದದ್ದೆಂದು ಹೇಗೆ ಹೇಳುತ್ತೀರಿ’ ಎಂದು ಕೇಳಿದವರೇ ಹೆಚ್ಚು. ಮನೆಮನೆಗೆ ಹೋಗಿ ಯಾರ ಮನೆಯಲ್ಲಿ ಯಾರಿಗೆ ಏನು ತೊಂದರೆ ಎಂದು ಊರಿನವರೇ ಪಟ್ಟಿ ಬರೆದು, ಅದನ್ನು ಹಿಡಿದು ಕಚೇರಿಗಳಿಗೂ ಆಮೇಲೆ ಕೋರ್ಟಿಗೂ ಹೋದ ಮೇಲೆ ಮಾಸಾಶನ, ಕೊಕ್ಕಡದ ಪಾಲನಾ ಕೇಂದ್ರ ಎಲ್ಲ ಬಂದದ್ದು. ದೇಶದಲ್ಲಿ ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟು ನಿಷೇಧಿಸಿದ್ದು 2011ರ ಮೇ 13ರಂದು. ಅಷ್ಟರಲ್ಲಿ ನಮ್ಮ ಮನೆಗಳಲ್ಲಿ ಒಂದು ತಲೆಮಾರೇ ಬೆಳೆದಿತ್ತು.

ವಿದ್ಯಾರ್ಥಿನಿ ತಂಗಿಗೆ ಒಂದು ಮಾತು. ನೀವು ಶಾಲೆಯ ಬಗ್ಗೆ ಬರೆದಿದ್ದೀರಿ. ನನ್ನ ತಮ್ಮನಂಥವರು ಶಾಲೆಯ ವಯಸ್ಸು ದಾಟಿ ಎಷ್ಟೋ ಕಾಲವಾಯಿತು. ನಾವು ಹೋದ ಮೇಲೆ ಅವರನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಯನ್ನೂ ನಿಮ್ಮ ಓದಿನಲ್ಲಿ ಸೇರಿಸಿಕೊಳ್ಳಿ.

ಪ್ರತಿಕ್ರಿಯೆ – ವಿಶೇಷ ಶಿಕ್ಷಣ ವಿದ್ಯಾರ್ಥಿನಿ

ಅಣ್ಣ, ನಿಮ್ಮ ಪ್ರಶ್ನೆಗೆ ಪೂರ್ಣ ಉತ್ತರ ನನ್ನಲ್ಲಿಲ್ಲ. ವಯಸ್ಕರಾದ ಮೇಲಿನ ಆರೈಕೆಗೆ ನಮ್ಮ ಕೋರ್ಸಿನಲ್ಲಿ ಸಿಗುವ ಜಾಗವೂ ಕಡಿಮೆ, ಅದು ಬದಲಾಗಬೇಕು. ತಕ್ಷಣ ಮಾಡಬಹುದಾದ ಒಂದನ್ನು ಹೇಳುತ್ತೇನೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ ಮತ್ತು ಬಹುವೈಕಲ್ಯವುಳ್ಳವರಿಗೆ 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ 18 ತುಂಬಿದ ಬಳಿಕ ಕಾನೂನುಬದ್ಧ ಪೋಷಕರನ್ನು ನೇಮಿಸಲು ಅವಕಾಶವಿದೆ. ಅರ್ಜಿ ಕೊಡಬೇಕಾದದ್ದು ಜಿಲ್ಲಾಧಿಕಾರಿಯವರ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿಗೆ. ತಂದೆತಾಯಿ ಇರುವಾಗಲೇ ಮುಂದೆ ಹೊಣೆ ಹೊರುವವರು ಯಾರೆಂದು ಮನೆಯಲ್ಲಿ ಮಾತಾಡಿ ನಿರ್ಧರಿಸಿಕೊಂಡಿದ್ದರೆ ಒಳ್ಳೆಯದು. ಅದೇ ಕಾಯ್ದೆಯಡಿ ಇರುವ ನಿರಾಮಯ ಆರೋಗ್ಯ ವಿಮೆ 1 ಲಕ್ಷ ರೂಪಾಯಿಯ ತನಕ ಸಿಗುತ್ತದೆ, ಫಿಸಿಯೋಥೆರಪಿಯಂಥ ಚಿಕಿತ್ಸೆಗೂ ಅದನ್ನು ಬಳಸಬಹುದು.

ಪ್ರತಿಕ್ರಿಯೆ – ಬಿಐಇಆರ್‌ಟಿ, ಉಡುಪಿ ಜಿಲ್ಲೆ

ಮುಖ್ಯೋಪಾಧ್ಯಾಯರು ನಮ್ಮ ಬಗ್ಗೆ ಬರೆದದ್ದು ನಿಜ. ಶಾಲೆಗೆ ಬರಲಾಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣ ಕೊಡಲು ಮನೆಗಳಿಗೂ ನಾವೇ ಹೋಗಬೇಕು. ಮಳೆಗಾಲದಲ್ಲಿ ಗುಡ್ಡದ ಮೇಲಿನ ಮನೆಗಳಿಗೆ ದಾರಿಯೇ ಇರುವುದಿಲ್ಲ. ಹೀಗಿರುವಾಗ ಒಂದು ವಿಷಯದಲ್ಲಿ ಪೋಷಕರು ಎಚ್ಚರದಿಂದಿರಬೇಕು. ಗೃಹಾಧಾರಿತ ಶಿಕ್ಷಣ ತೀವ್ರ ವೈಕಲ್ಯ ಅಥವಾ ಬಹುವೈಕಲ್ಯವುಳ್ಳ ಮಗುವಿನ ಆಯ್ಕೆಗೆಂದು ಇರುವಂಥದ್ದು. ವಾಕರ್ ಹಿಡಿದು ನಡೆಯುವ ಮಗುವನ್ನು ‘ಮನೆಯಲ್ಲೇ ಕಲಿಸುತ್ತಾರೆ’ ಎಂದು ಆ ಪಟ್ಟಿಗೆ ಸೇರಿಸಿದರೆ ಒಪ್ಪಿ ಸಹಿ ಹಾಕಬೇಡಿ.

ಕಾಯ್ದೆಯ 23ನೇ ಕಲಮನ್ನು ಇಲ್ಲಿ ಯಾರೂ ಹೇಳಿಲ್ಲ. ಪ್ರತಿ ಸರ್ಕಾರಿ ಸಂಸ್ಥೆಯೂ ಒಬ್ಬ ಕುಂದುಕೊರತೆ ಪರಿಹಾರ ಅಧಿಕಾರಿಯನ್ನು ನೇಮಿಸಬೇಕು, ಅವರು ದೂರುಗಳ ವಹಿ ಇಟ್ಟಿರಬೇಕು, ದಾಖಲಾದ ದೂರನ್ನು ಎರಡು ವಾರಗಳೊಳಗೆ ವಿಚಾರಿಸಬೇಕು. ನಿಮ್ಮ ಅರ್ಜಿಗೆ ಉತ್ತರ ಬಾರದಿದ್ದರೆ ಮುಂದಿನ ಪತ್ರದಲ್ಲಿ ‘ಈ ಕಚೇರಿಯ ಕುಂದುಕೊರತೆ ಪರಿಹಾರ ಅಧಿಕಾರಿ ಯಾರು’ ಎಂದು ಕೇಳಿ. ಅದಕ್ಕೂ ಉತ್ತರವಿಲ್ಲದಿದ್ದರೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ ಬರೆಯಬಹುದು, ವಿಚಾರಣೆಯ ಮಟ್ಟಿಗೆ ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರಗಳಿವೆ.

ಪ್ರತಿಕ್ರಿಯೆ – ಕುಂದಾಪುರದ ಒಬ್ಬ ತಾಯಿ

ನಮ್ಮ ಶಾಲೆಯ ಇನ್ನೂ ಕೆಲವು ತಾಯಂದಿರಿಗೆ ಇದನ್ನೆಲ್ಲ ಓದಿ ಹೇಳಿದೆ. ಒಟ್ಟಿಗೆ ಸಹಿ ಹಾಕಲು ಅವರು ಒಪ್ಪಿದ್ದಾರೆ. ತಂಗಿ, ಪತ್ರದ ಒಂದು ಮಾದರಿಯನ್ನು ಇಲ್ಲಿ ಹಾಕಿದರೆ ನಾವು ನಮ್ಮ ವಿಷಯ ಸೇರಿಸಿ ಬರೆದುಕೊಳ್ಳುತ್ತೇವೆ.

ಪ್ರತಿಕ್ರಿಯೆ – ವಿಶೇಷ ಶಿಕ್ಷಣ ವಿದ್ಯಾರ್ಥಿನಿ

ಅಕ್ಕ, ಇದನ್ನು ನಿಮ್ಮ ಮಾತಿನಲ್ಲಿ ಬದಲಿಸಿಕೊಳ್ಳಿ.

‘ಇವರಿಗೆ: ಅಧ್ಯಕ್ಷರು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ; ಮುಖ್ಯ ಶಿಕ್ಷಕರ ಮೂಲಕ. ಮಾನ್ಯರೇ, ಈ ಶಾಲೆಯ ಮಕ್ಕಳ ಪೋಷಕರಾದ ನಾವು ಕೇಳಿಕೊಳ್ಳುವುದೇನೆಂದರೆ, ಈ ಸಾಲಿನ ಶೈಕ್ಷಣಿಕ ಪ್ರವಾಸ, ಕ್ರೀಡಾಕೂಟ ಮತ್ತು ವಾರ್ಷಿಕೋತ್ಸವದಲ್ಲಿ ವಿಶೇಷ ಅಗತ್ಯವುಳ್ಳ ಎಲ್ಲ ಮಕ್ಕಳೂ ಭಾಗವಹಿಸಲು ಶಾಲೆ ಮಾಡಿರುವ ವ್ಯವಸ್ಥೆಯನ್ನು ತಿಳಿಸಬೇಕು. ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರ 16ನೇ ಕಲಮಿನ ಆಶಯದಂತೆ ಈ ಕಾರ್ಯಕ್ರಮಗಳಲ್ಲಿ ನಮ್ಮ ಸಹಾಯ ಬೇಕಿದ್ದರೆ ಸರದಿಯಂತೆ ಬಂದು ನಿಲ್ಲಲು ನಾವು ಸಿದ್ಧರಿದ್ದೇವೆ. ಈ ಪತ್ರವನ್ನು ಮುಂದಿನ ಸಭೆಯ ವಿಷಯಪಟ್ಟಿಗೆ ಸೇರಿಸಿ, ತೀರ್ಮಾನವನ್ನು ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ.’

ಸಹಾಯಕ್ಕೆ ಬರುತ್ತೇವೆ ಎಂಬ ಸಾಲನ್ನು ದಯವಿಟ್ಟು ಬಿಡಬೇಡಿ. ಶಿಕ್ಷಕರ ಸಂಖ್ಯೆ ಕಡಿಮೆ ಇರುವ ಶಾಲೆಗೆ ಅದು ದೊಡ್ಡ ಸಮಾಧಾನ. ನಿಮ್ಮ ಮಗಳಿಗೆ ನೃತ್ಯದಲ್ಲಿ ಯಾವ ಹಾಡು ಇಷ್ಟವೆಂದು ಕೇಳಿ, ಸಭೆಯಲ್ಲಿ ಅದನ್ನೂ ಹೇಳಿ.

ಪ್ರತಿಕ್ರಿಯೆ – ಬಿಐಇಆರ್‌ಟಿ, ಉಡುಪಿ ಜಿಲ್ಲೆ

ಮಾದರಿ ಚೆನ್ನಾಗಿದೆ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಒಬ್ಬೊಬ್ಬ ಮಗುವಿನ ವಿಷಯವಾಗಿ ಬೇರೆ ಅರ್ಜಿ ಕೊಡುವಾಗ ಯುಡಿಐಡಿ ಕಾರ್ಡಿನ (ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿಯ) ಜೆರಾಕ್ಸ್ ಮಾತ್ರ ಲಗತ್ತಿಸಿ, ಮೂಲ ಕಾರ್ಡನ್ನು ಯಾರಿಗೂ ಬಿಟ್ಟು ಬರಬೇಡಿ. ಕುಂದಾಪುರದ ಸಭೆಯ ದಿನ ಗೊತ್ತಾದರೆ ಇಲ್ಲಿ ತಿಳಿಸಿ, ಆ ಬ್ಲಾಕಿನ ನಮ್ಮ ಸಹೋದ್ಯೋಗಿಗೆ ಬಂದು ಕುಳಿತುಕೊಳ್ಳಲು ಹೇಳುತ್ತೇನೆ.